‘ಸಭಾಪ್ರಾಂತ’ ಶಬ್ದವಿಚಾರ: ಆಂಗ್ಲಿಕನ್ ಸಭಾಡಳಿತದ ಪರಿಭಾಷೆಯೂ ಕನ್ನಡ ನಾಡಿನ ಗಡಿಗಳೂ

೧

ಆಳಿಕೆಯು ವಿಭಾಗದಿಂದ ಮೊದಲಾಗುತ್ತದೆ. ವಿಭಾಗವು ಹೆಸರಿನಿಂದ ಮೊದಲಾಗುತ್ತದೆ. ಹೆಸರು ತಪ್ಪಿದರೆ ವಿಭಾಗದ ಸ್ವರೂಪವು ಮರೆಯಾಗುವುದು. ಸ್ವರೂಪವು ಮರೆಯಾದಲ್ಲಿ ಅಧಿಕಾರವುಳ್ಳವನಿಗೂ ಅದಕ್ಕೆ ಒಳಪಟ್ಟವನಿಗೂ ತಮ್ಮ ತಮ್ಮ ಮೇರೆಯು ತಿಳಿಯದೆಹೋಗುವುದು. ನಾಡು, ಕಂಪಣ, ಸಾಸಿರ ಮುಂತಾದ ರಾಜ್ಯಾಡಳಿತದ ಶಬ್ದಗಳನ್ನು ಕುರಿತು ಶಾಸನಜ್ಞರು ಬಹುವಾಗಿ ಚರ್ಚಿಸಿರುವರು. ಆ ಚರ್ಚೆಗೆ ಸಮಾನವಾದ ಯೋಗ್ಯತೆಯುಳ್ಳ ಮತ್ತೊಂದು ಶಬ್ದವರ್ಗವುಂಟು. ಅದು ಕ್ರೈಸ್ತ ಸಭೆಗಳ, ವಿಶೇಷವಾಗಿ ಆಂಗ್ಲಿಕನ್ ಪರಂಪರೆಯಿಂದ ಬಂದ ಸಭೆಯ, ಆಡಳಿತಪರಿಭಾಷೆ. ‘ಸಭಾಪ್ರಾಂತ’ವೆಂಬುದು ಆ ವರ್ಗದ ಮುಖ್ಯ ಶಬ್ದ. ಪ್ರಕೃತ ವಿಮರ್ಶೆಯು ಮತತತ್ತ್ವವನ್ನು ಕುರಿತುದಲ್ಲ. ಶಬ್ದಕ್ಕೂ ಅದು ಹೇಳಬೇಕಾದ ವಸ್ತುವಿಗೂ ಇರುವ ಸಂಬಂಧವನ್ನು ಕುರಿತುದು.

ಇಂತಹ ಶಬ್ದಗಳನ್ನು ಒರೆಹಚ್ಚುವುದಕ್ಕೆ ರಾಜಧಾನಿಗಿಂತ ಗಡಿಯ ಹಳ್ಳಿಯೇ ಮೇಲು. ಬೀದರು ಜಿಲ್ಲೆಯಲ್ಲಿ ಹುಮನಾಬಾದ ಬಸವಕಲ್ಯಾಣಗಳ ಸೀಮೆಗೆ ಸೇರಿದ ದುಬಲಗುಂಡಿಯು ಅಂತಹದೊಂದು ಹಳ್ಳಿ. ಕನ್ನಡ, ಮರಾಠಿ, ತೆಲುಗು, ಉರ್ದು ಎಂಬ ನಾಲ್ಕು ಭಾಷೆಗಳು ಆ ಸೀಮೆಯ ಸಂತೆಯಲ್ಲಿ ಕೇಳಿಬರುವುವು. ಒಂದು ಶಬ್ದವು ಅಲ್ಲಿ ಯಾವ ಅರ್ಥವನ್ನು ಕೊಡುವುದೆಂದು ವಿಚಾರಿಸಿದರೆ ಅದರ ಬಲವೂ ದೌರ್ಬಲ್ಯವೂ ಒಡನೆಯೇ ಹೊರಬೀಳುವುವು. ಆದಕಾರಣ ಈ ವಿಮರ್ಶೆಯ ಕೊನೆಯ ಪರೀಕ್ಷೆಯನ್ನು ಅಲ್ಲಿಗೆ ಕೊಂಡೊಯ್ಯಲಾಗುವುದು.

೨

ಮೊದಲು ವಸ್ತುಸ್ವರೂಪ. ಆಂಗ್ಲಿಕನ್ ಸಭೆಯಲ್ಲಿ ಅತಿ ಕಿರಿಯ ವಿಭಾಗವು ಪ್ಯಾರಿಷ್. ಅಂತಹ ಹಲವು ಕೂಡಿ ಡೀನರಿ, ಅದರ ಮೇಲೆ ಆರ್ಚ್‌ಡೀಕನರಿ, ಅವೆಲ್ಲವನ್ನೂ ಒಳಗೊಂಡುದು ಒಬ್ಬ ಬಿಷಪ್ಪನ ಮೇಲ್ವಿಚಾರಣೆಗೆ ಸೇರಿದ ಡಯಾಸಿಸ್. ಹಲವು ಡಯಾಸಿಸುಗಳು ಕೂಡಿದರೆ ಪ್ರಾವಿನ್ಸ್. ಇಂಗ್ಲೆಂಡಿನಲ್ಲಿ ಕ್ಯಾಂಟರ್‌ಬರಿ, ಯಾರ್ಕ್ ಎಂಬ ಎರಡು ಪ್ರಾವಿನ್ಸುಗಳುಂಟು. ಈ ಸೋಪಾನದಲ್ಲಿ ಪ್ರಾಣಸ್ಥಾನವು ಡಯಾಸಿಸ್. ಅದರ ಕೆಳಗಿನವು ಸೌಕರ್ಯಕ್ಕಾಗಿ ಮಾಡಿದವು. ಅದರ ಮೇಲಿನದು ಪರಸ್ಪರ ಸಂಬಂಧಕ್ಕಾಗಿ ಮಾಡಿದುದು.

ಈ ಶಬ್ದಗಳ ಮೂಲವು ಕೌತುಕಕರವಾಗಿದೆ. ಡಯಾಸಿಸ್ ಎಂಬುದು ಗ್ರೀಕ್ ಭಾಷೆಯಲ್ಲಿ ಮನೆವಾರ್ತೆಯನ್ನು ನೋಡಿಕೊಳ್ಳುವುದು, ಆಡಳಿತನಡಸುವುದು ಎಂಬ ಅರ್ಥವುಳ್ಳ ಶಬ್ದದಿಂದ ಬಂದಿದೆ. ರೋಮ್ ಸಾಮ್ರಾಜ್ಯದಲ್ಲಿ ಡಯೋಕ್ಲೀಶಿಯನ್ ಚಕ್ರವರ್ತಿಯು ಸುಮಾರು ನೂರು ಪ್ರಾವಿನ್ಸುಗಳನ್ನು ಹನ್ನೆರಡು ಡಯಾಸಿಸುಗಳಾಗಿ ಗುಂಪುಮಾಡಿದನು. ಅಲ್ಲಿ ಡಯಾಸಿಸ್ ಹಿರಿದು, ಪ್ರಾವಿನ್ಸ್ ಕಿರಿದು. ಸಭೆಯು ಇವೇ ಎರಡು ಶಬ್ದಗಳನ್ನು ರಾಜ್ಯದಿಂದ ತೆಗೆದುಕೊಂಡಿತು. ಕಾಲಕ್ರಮದಲ್ಲಿ ಕ್ರಮವು ತಲೆಕೆಳಗಾಗಿ ಪ್ರಾವಿನ್ಸ್ ಹಿರಿದಾಯಿತು, ಡಯಾಸಿಸ್ ಕಿರಿದಾಯಿತು. ಇದರಿಂದ ತಿಳಿಯತಕ್ಕ ಅಂಶವೇನೆಂದರೆ, ಆಡಳಿತಶಬ್ದಗಳಿಗೆ ನಿತ್ಯವಾದ ಪರಿಮಾಣವಿಲ್ಲ. ಬಳಸುವವರ ಸಂಕೇತವೇ ಪ್ರಮಾಣ.

ಬಿಷಪ್ ಎಂಬುದು ‘ಮೇಲಿನಿಂದ ನೋಡಿಕೊಳ್ಳುವವನು’ ಎಂಬ ಅರ್ಥದ ಗ್ರೀಕ್ ಶಬ್ದದ ತದ್ಭವ. ಸಂಸ್ಕೃತದಲ್ಲಿ ಇದಕ್ಕೆ ಅವಯವಶಃ ಒಪ್ಪುವ ಶಬ್ದವು ‘ಅಧ್ಯಕ್ಷ’. ಕೌಟಿಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣಕ್ಕೆ ‘ಅಧ್ಯಕ್ಷಪ್ರಚಾರ’ವೆಂದು ಹೆಸರಿಟ್ಟಿರುವನು, ಆ ಗ್ರಂಥವು ೧೯೦೯ರಲ್ಲಿ ಮೈಸೂರಿನಿಂದ ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ಮೊದಲು ಪ್ರಕಟವಾಯಿತೆಂಬುದನ್ನು ವಿದ್ವಾಂಸರು ಬಲ್ಲರು. ಅಲ್ಲಿ ಅಧ್ಯಕ್ಷನೆಂದರೆ ಒಂದು ಕಾರ್ಯವನ್ನು ಕಣ್ಣಿಟ್ಟು ಕಾಯುವವನೇ ಹೊರತು ಒಂದು ನೆಲದ ಒಡೆಯನಲ್ಲ. ಕನ್ನಡ ಬೈಬಲಿನಲ್ಲಿ ಬರುವ ‘ಸಭಾಧ್ಯಕ್ಷ’ ಶಬ್ದವು ಈ ದೃಷ್ಟಿಯಿಂದ ಬಹು ಸಮಂಜಸವಾದುದು. ಆದರೆ ಇಂದಿನ ರೂಢಿಯಲ್ಲಿ ಅಧ್ಯಕ್ಷನೆಂದರೆ ಒಂದು ಸಂಜೆಯ ಸಭೆಯಲ್ಲಿ ನಡುವಣ ಕುರ್ಚಿಯಲ್ಲಿ ಕುಳಿತು ಕೊನೆಯಲ್ಲಿ ಮಾತನಾಡುವವನು. ಯೋಗಾರ್ಥವು ಸರಿಯಾಗಿದ್ದರೂ ರೂಢ್ಯರ್ಥವು ಅದನ್ನು ನುಂಗಿದುದಕ್ಕೆ ಇದು ಉತ್ತಮ ಉದಾಹರಣೆ.

೩

ಇನ್ನು ಭಾರತದಲ್ಲಿ ಈ ವಿಭಾಗಗಳು ಹೇಗೆ ಹುಟ್ಟಿದವೆಂಬುದು. ೧೮೧೪ರಲ್ಲಿ ಕಲ್ಕತ್ತೆಯ ಡಯಾಸಿಸ್ ಸ್ಥಾಪಿತವಾಯಿತು, ಟಿ. ಎಫ್. ಮಿಡಲ್‌ಟನ್ ಅದರ ಮೊದಲ ಬಿಷಪ್. ಕಂಪನಿಯ ಆಳಿಕೆಯ ಎಲ್ಲೆಯೇ ಅವನ ಅಧಿಕಾರದ ಎಲ್ಲೆ. ಮುಂದೆ ಕೆಲವು ಕಾಲ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಸಹ ಆ ಡಯಾಸಿಸ್ಸಿಗೇ ಸೇರಿದ್ದಿತು. ೧೮೩೫ರಲ್ಲಿ ಮದರಾಸು, ೧೮೩೭ರಲ್ಲಿ ಮುಂಬಯಿ ಡಯಾಸಿಸುಗಳಾದವು. ಕಂಪನಿಯ ಮೂರು ಪ್ರೆಸಿಡೆನ್ಸಿಗಳಿಗೆ ಮೂವರು ಬಿಷಪ್ಪರು, ಕಲ್ಕತ್ತೆಯವನು ಮೆಟ್ರೊಪಾಲಿಟನ್. ಇಲ್ಲಿ ಸಭೆಯ ಗಡಿಯನ್ನು ಎಳೆದುದು ಸಭೆಯಲ್ಲ, ಸರ್ಕಾರದ ಸನದು.

ಇದಾದ ಮೇಲೆ ದಕ್ಷಿಣದಲ್ಲಿ ಮತ್ತೊಂದು ನ್ಯಾಯವು ಮೆಲ್ಲನೆ ತಲೆದೋರಿತು. ೧೮೭೯ರಲ್ಲಿ ತಿರುವಾಂಕೂರು–ಕೊಚ್ಚಿ, ೧೮೯೬ರಲ್ಲಿ ತಿರುನೆಲ್ವೇಲಿ, ೧೯೧೨ರಲ್ಲಿ ನಿಜಾಮರ ಸಂಸ್ಥಾನದ ದೋರ್ನಕಲ್ ಪ್ರತ್ಯೇಕ ಡಯಾಸಿಸುಗಳಾದವು. ದೋರ್ನಕಲ್ಲಿಗೆ ೧೯೧೨ನೆಯ ಡಿಸೆಂಬರ್ ೨೯ರಂದು ಅಭಿಷಿಕ್ತರಾದ ವಿ. ಎಸ್. ಅಜರಯ್ಯನವರು ಆಂಗ್ಲಿಕನ್ ಪರಂಪರೆಯ ಮೊದಲ ಭಾರತೀಯ ಬಿಷಪ್. ಮುಂದೆ ಕೃಷ್ಣಾ ಗೋದಾವರಿ ಸೀಮೆಯ ತೆಲುಗು ಸಭೆಗಳೂ ಅದರಲ್ಲಿ ಸೇರಿದವು. ಹೀಗೆ ಮಲೆಯಾಳಿಗಳಿಗೆ ಒಂದು, ತಮಿಳರಿಗೆ ಒಂದು, ತೆಲುಗರಿಗೆ ಒಂದು ಎಂಬಂತೆ ಜನವನ್ನು ನೋಡಿ ಮಾಡಿದ ವಿಭಾಗಗಳು ಬಂದವು. ಕನ್ನಡಿಗರಿಗೆ ಮಾತ್ರ ತಮ್ಮದೆಂಬ ಆಂಗ್ಲಿಕನ್ ಡಯಾಸಿಸ್ ಎಂದೂ ಆಗಲಿಲ್ಲ. ಮೈಸೂರು, ಬಳ್ಳಾರಿ, ದಕ್ಷಿಣ ಕನ್ನಡಗಳು ಮದರಾಸಿನ ಕಡೆಗೂ ಧಾರವಾಡ, ಬೆಳಗಾವಿ, ಉತ್ತರ ಕನ್ನಡಗಳು ಮುಂಬಯಿಯ ಕಡೆಗೂ ಉಳಿದವು.

ಭಾರತದ ಸಭೆಯು ಇಂಗ್ಲೆಂಡಿನ ಸಭೆಯಿಂದ ನ್ಯಾಯತಃ ಬೇರ್ಪಟ್ಟುದು ೧೯೨೭ರ ಇಂಡಿಯನ್ ಚರ್ಚ್ ಆಕ್ಟಿನ ಮೂಲಕ. ಅದು ಜಾರಿಗೆ ಬಂದುದು ೧೯೩೦ನೆಯ ಮಾರ್ಚ್ ೧ರಂದು. ಅಂದಿನಿಂದ ಭಾರತ, ಬರ್ಮಾ, ಸಿಂಹಳಗಳ ಸಭೆಯು ತನ್ನ ನಿಬಂಧನೆಗಳನ್ನು ತಾನೇ ಮಾಡಿಕೊಂಡು ನಡೆಯುವ ಒಂದು ಪ್ರಾವಿನ್ಸ್ ಆಯಿತು. ೧೯೪೭ನೆಯ ಸೆಪ್ಟೆಂಬರ್ ೨೭ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ದಕ್ಷಿಣ ಭಾರತ ಸಭೆಯು ಹುಟ್ಟಿತು. ಮದರಾಸು, ದೋರ್ನಕಲ್, ತಿರುನೆಲ್ವೇಲಿ, ತಿರುವಾಂಕೂರು–ಕೊಚ್ಚಿ ಎಂಬ ನಾಲ್ಕು ಆಂಗ್ಲಿಕನ್ ಡಯಾಸಿಸುಗಳು ವೆಸ್ಲಿಯನ್ ಮೆಥೋಡಿಸ್ಟರೊಡನೆಯೂ ದಕ್ಷಿಣ ಭಾರತ ಐಕ್ಯಸಭೆಯೊಡನೆಯೂ ಕೂಡಿ ಹದಿನಾಲ್ಕು ಡಯಾಸಿಸುಗಳ ಹೊಸ ಸಭೆಯಾದವು. ಮುಂಬಯಿಯ ಡಯಾಸಿಸ್ ಇದರಲ್ಲಿ ಸೇರಲಿಲ್ಲ. ಇದರ ಫಲವೇನು? ಒಂದೇ ಭಾಷೆಯನ್ನಾಡುವ, ಒಂದೇ ಪ್ರಾರ್ಥನಾಕ್ರಮವನ್ನು ಕಲಿತ ಕನ್ನಡ ಆಂಗ್ಲಿಕನರಲ್ಲಿ ತುಂಗಭದ್ರೆಯ ದಕ್ಷಿಣದವರು ಹೊಸ ಸಭೆಯನ್ನು ಹೊಕ್ಕರು. ಮುಂಬಯಿ ಡಯಾಸಿಸ್ಸಿನ ಕನ್ನಡ ಜಿಲ್ಲೆಗಳವರು ಹಳೆಯದರಲ್ಲಿಯೇ ನಿಂತರು. ಅವರನ್ನು ಅಗಲಿಸಿದುದು ತತ್ತ್ವಭೇದವಲ್ಲ. ನೂರು ವರ್ಷಗಳ ಹಿಂದೆ ಸರ್ಕಾರವು ತನ್ನ ಕಂದಾಯದ ಸೌಕರ್ಯಕ್ಕಾಗಿ ಎಳೆದಿದ್ದ ಗೆರೆ.

ಕನ್ನಡ ನಾಡಿಗೆ ೧೯೪೭ರಲ್ಲಿ ದೊರೆತುದು ಮೈಸೂರು ಡಯಾಸಿಸ್. ಅದು ೧೯೭೦ರಲ್ಲಿ ಮೂರಾಗಿ ಒಡೆದು ಧಾರವಾಡ, ಬೆಂಗಳೂರು, ಮಂಗಳೂರುಗಳನ್ನು ಕೇಂದ್ರವಾಗಿ ಉಳ್ಳ ಕರ್ನಾಟಕ ಉತ್ತರ, ಮಧ್ಯ, ದಕ್ಷಿಣ ಸಭಾಪ್ರಾಂತಗಳಾಯಿತು. ಅದೇ ವರ್ಷದ ನವೆಂಬರ್ ೨೯ರಂದು ನಾಗಪುರದಲ್ಲಿ ಉತ್ತರ ಭಾರತ ಸಭೆಯು ಸ್ಥಾಪಿತವಾಗಿ ಮುಂಬಯಿಯು ಅದರಲ್ಲಿ ಸೇರಿತು.

೪

ವಸ್ತುವು ಇಂತಿರುವಲ್ಲಿ ಶಬ್ದಗಳನ್ನು ಪರೀಕ್ಷಿಸಬಹುದು. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ತಾರ್ಕಿಕರು ಹೇಳುವರು. ಪರಿಭಾಷೆಗೂ ಅದೇ ಅಳತೆ ಸಲ್ಲುತ್ತದೆ.

‘ಸಭೆ’ ಎಂಬುದು ಮೊದಲನೆಯದು. ಒಂದು ಊರಿನ ಭಕ್ತರ ಕೂಟವೂ ಸಭೆ. ಇಡೀ ದಕ್ಷಿಣ ಭಾರತದ ಸಂಸ್ಥೆಯೂ ಸಭೆ. ಅದರ ಕಾರ್ಯನಿರ್ಣಯಕ್ಕೆ ಕೂಡುವ ಪ್ರತಿನಿಧಿಗಳ ಗೋಷ್ಠಿಯೂ ಸಭೆ. ಇದು ಅತಿವ್ಯಾಪ್ತಿಯ ಪರಮಾವಧಿ. ಇದಕ್ಕೆ ಕಾರಣವನ್ನು ಇತಿಹಾಸವು ತೋರಿಸುತ್ತದೆ. ಕನ್ನಡದ ಕ್ರೈಸ್ತ ಪರಿಭಾಷೆಯನ್ನು ರೂಪಿಸಿದವರಲ್ಲಿ ಮುಖ್ಯರು ಬಳ್ಳಾರಿಯ ಲಂಡನ್ ಮಿಷನ್ನಿನವರು, ಮಂಗಳೂರು ಧಾರವಾಡಗಳ ಬಾಸೆಲ್ ಮಿಷನ್ನಿನವರು, ಮೈಸೂರಿನ ವೆಸ್ಲಿಯನರು. ಈ ಮೂವರಲ್ಲಿ ಯಾರಿಗೂ ಬಿಷಪ್ಪರಿರಲಿಲ್ಲ. ಊರಿನ ಕೂಟವೇ ಅವರ ಕಣ್ಣಿಗೆ ಪೂರ್ಣವಾದ ಸಭೆ. ಆದುದರಿಂದ ಸಭಾಪಾಲಕ, ಸಭಾಹಿರಿಯ ಎಂಬ ಊರಮಟ್ಟದ ಶಬ್ದಗಳು ಅವರ ಬಳಕೆಯಲ್ಲಿ ಚೆನ್ನಾಗಿ ಬಲಿತವು. ಊರನ್ನು ಮೀರಿದ ವಿಭಾಗಗಳಿಗೆ ಹೆಸರು ಬೇಕಾಗುವ ಸಂದರ್ಭವು ಅವರಿಗೆ ಹೆಚ್ಚಾಗಿ ಒದಗಲಿಲ್ಲ. ಡಯಾಸಿಸ್ ಎಂಬ ವಸ್ತುವು ಅಂತಹ ಸಭೆಗಳ ನಡುವೆ ಬಂದಾಗ ಅದಕ್ಕೆ ದೊರೆತ ಹೆಸರು, ಹಳೆಯ ‘ಸಭೆ’ಗೆ ಸರ್ಕಾರದ ‘ಪ್ರಾಂತ’ವನ್ನು ಹೊಲಿದುದು.

‘ಪ್ರಾಂತ’ ಎರಡನೆಯದು. ಸಂಸ್ಕೃತದಲ್ಲಿ ಇದಕ್ಕೆ ಅಂಚು, ತುದಿ, ಸೆರಗು ಎಂದರ್ಥ. ವ್ಯುತ್ಪತ್ತಿಯನ್ನೇ ಹಿಡಿದರೆ ಸಭಾಪ್ರಾಂತವೆಂದರೆ ಸಭೆಯ ಅಂಚು ಎಂದಾಗುವುದು! ಕನ್ನಡದ ರೂಢಿಯಲ್ಲಿ ಅದು ಸೀಮೆಯೆಂಬ ಅರ್ಥಕ್ಕೆ ತಿರುಗಿ, ಮದರಾಸು ಪ್ರಾಂತ, ಮುಂಬಯಿ ಪ್ರಾಂತ ಎಂಬ ಪ್ರಯೋಗಗಳಿಂದ ಸರ್ಕಾರದ ಪ್ರಾವಿನ್ಸಿಗೆ ಪರ್ಯಾಯವಾಯಿತು. ಇಲ್ಲಿಯೇ ತೊಡಕು. ರಾಜ್ಯದಲ್ಲಿ ಪ್ರಾವಿನ್ಸಿಗೆ ಪ್ರಾಂತವೆಂದು ಕಲಿತ ವಿದ್ಯಾರ್ಥಿಯು ಸಭೆಯಲ್ಲಿ ಡಯಾಸಿಸ್ಸಿಗೆ ಪ್ರಾಂತವೆಂಬುದನ್ನು ಓದುವನು. ಹಾಗಾದರೆ ಸಭೆಯ ಪ್ರಾವಿನ್ಸಿಗೆ ಏನೆನ್ನಬೇಕು? ಶಬ್ದವು ಆಗಲೇ ವ್ಯಯವಾಗಿಹೋಗಿದೆ. ಅನುವಾದಕನು ಒಂದೇ ಪುಟದಲ್ಲಿ ಎರಡಕ್ಕೂ ಒಂದೇ ಶಬ್ದವನ್ನು ಹಾಕುವನು, ಅಥವಾ ಒಂದನ್ನು ಬಿಟ್ಟುಬಿಡುವನು.

ಇದಕ್ಕಿಂತ ಗುರುತರವಾದ ದೋಷವು ಮತ್ತೊಂದು. ಪ್ರಾಂತವು ನೆಲವನ್ನು ಹೇಳುತ್ತದೆ. ಡಯಾಸಿಸ್ ಮೂಲತಃ ಮೇಲ್ವಿಚಾರಣೆಯನ್ನು ಹೇಳುತ್ತದೆ. ದಕ್ಷಿಣ ಭಾರತ ಸಭೆಯು ಈ ಭೇದವನ್ನು ವಿಭಕ್ತಿಯಿಂದಲೇ ಸೂಚಿಸಿದೆ. ಅಲ್ಲಿ ಬಿಷಪ್ಪನ ಬಿರುದನ್ನು ಇಂಗ್ಲಿಷಿನಲ್ಲಿ ‘ಮೈಸೂರಿನ ಬಿಷಪ್’ ಎಂದು ಷಷ್ಠಿಯಲ್ಲಿ ಬರೆಯದೆ, ‘ಮೈಸೂರಿನಲ್ಲಿ ಬಿಷಪ್’ ಎಂದು ಸಪ್ತಮಿಯಲ್ಲಿ ಬರೆಯುವ ಪದ್ಧತಿಯುಂಟು. ಮಧುರೆ–ರಾಮನಾಡಿನ ಮೊದಲ ಬಿಷಪ್ ಲೆಸ್ಲಿ ನ್ಯೂಬಿಗಿನ್ ಅವರ ಬಿರುದೂ ಹಾಗೆಯೇ ಇದ್ದಿತು. ಷಷ್ಠಿಯು ಸಂಬಂಧವನ್ನು ಹೇಳುವುದರಿಂದ ಒಡೆಯ–ಒಡವೆ ಎಂಬ ಭಾವಕ್ಕೆ ಎಡೆಕೊಡುತ್ತದೆ. ಸಪ್ತಮಿಯು ಅಧಿಕರಣವನ್ನು ಮಾತ್ರ ಹೇಳುತ್ತದೆ: ನೆಲವು ಅವನು ನಿಂತು ಕೆಲಸಮಾಡುವ ಎಡೆ, ಅವನ ಸ್ವತ್ತಲ್ಲ. ಕನ್ನಡದಲ್ಲಿ ‘ಮೈಸೂರಿನಲ್ಲಿ ಬಿಷಪ್’ ಎಂಬುದು ವಾಕ್ಯವಾಗಿ ನಿಲ್ಲದೆ ಕುಂಟುವುದರಿಂದ ಷಷ್ಠಿಯೇ ಮರಳಿ ಬರುತ್ತದೆ. ಒಂದು ಸಂಸ್ಥೆಯು ವಿಚಾರಪೂರ್ವಕವಾಗಿ ಕಳಚಿಟ್ಟ ಒಡೆತನವನ್ನು ಕನ್ನಡದ ಪ್ರತ್ಯಯವು ತಿಳಿಯದೆಯೇ ಅದಕ್ಕೆ ಮತ್ತೆ ತೊಡಿಸಿದಂತಾಗುವುದು.

೫

ಈ ಶಬ್ದಗಳನ್ನು ಹಿಡಿದುಕೊಂಡು ಈಗ ದುಬಲಗುಂಡಿಗೆ ಬರಬೇಕು. ಈ ಸೀಮೆಯ ಗಡಿಗಳು ಎಷ್ಟು ಸಲ ಬದಲಾದವೆಂಬುದಕ್ಕೆ ಲೆಕ್ಕವಿಲ್ಲ. ನೆರೆಯ ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ ಬನವಾಸಿ ಪನ್ನಿರ್ಛಾಸಿರ, ತರ್ದವಾಡಿ ಸಾಸಿರ ಎಂಬ ಸಂಖ್ಯಾನಾಮಗಳಿಂದ ನಾಡನ್ನು ವಿಭಾಗಿಸುತ್ತಿದ್ದರು. ಅನಂತರ ಬಹಮನಿಗಳು, ಬರೀದರು, ಮೊಗಲರು, ನಿಜಾಮರು. ಸಾಸಿರ, ಕಂಪಣಗಳು ಮರೆತುಹೋಗಿ ಜಿಲ್ಲೆ, ತಾಲೂಕು, ಸುಭೆಗಳು ನಿಂತವು. ಅರಬ್ಬಿಯಿಂದ ಬಂದ ಜಿಲ್ಲೆ ತಾಲೂಕುಗಳನ್ನು ಇಂದು ಅನ್ಯಭಾಷಾಶಬ್ದಗಳೆಂದು ಹೇಳಿದರೆ ಸಂತೆಯಲ್ಲಿ ಯಾರೂ ನಂಬರು. ೧೯೫೬ನೆಯ ನವೆಂಬರ್ ೧ರಂದು ಹಳೆಯ ಬೀದರು ಜಿಲ್ಲೆಯು ಮೂರಾಗಿ ಒಡೆಯಿತು: ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದು ನಾರಾಯಣಖೇಡಗಳ ಸೀಮೆಯು ಆಂಧ್ರಕ್ಕೆ, ಉಳಿದುದು ಮೈಸೂರಿಗೆ. ದುಬಲಗುಂಡಿಯು ಕನ್ನಡದ ಪಾಲಿಗೆ ಬಂದಿತು.

ಸಭೆಗಳ ಗಡಿಯಾದರೋ ಬೇರೊಂದು ನ್ಯಾಯದಿಂದ ಹುಟ್ಟಿದುದು. ಒಂದು ಮಿಷನ್ನಿನ ಕ್ಷೇತ್ರದಲ್ಲಿ ಮತ್ತೊಂದು ಪ್ರವೇಶಿಸಬಾರದೆಂಬ ಪರಸ್ಪರ ಒಡಂಬಡಿಕೆಯಂತೆ ಬೀದರು ಸೀಮೆಯು ಅಮೆರಿಕದ ಮೆಥೋಡಿಸ್ಟರಿಗೂ ಪೂರ್ವದ ಮೆದಕ್ ಸೀಮೆಯು ಇಂಗ್ಲೆಂಡಿನ ವೆಸ್ಲಿಯನ್ ಮೆಥೋಡಿಸ್ಟರಿಗೂ ಸೇರಿತು. ಇಬ್ಬರಿಗೂ ಮೂಲಪುರುಷನು ಜಾನ್ ವೆಸ್ಲಿ. ಆತನು ೧೭೯೧ರಲ್ಲಿ ತೀರಿಕೊಳ್ಳುವವರೆಗೂ ಆಂಗ್ಲಿಕನ್ ಯಾಜಕನಾಗಿಯೇ ಉಳಿದವನು. ಆದರೆ ೧೯೪೭ರಲ್ಲಿ ಮೆದಕ್‌ನವರು ದಕ್ಷಿಣ ಭಾರತ ಸಭೆಯ ಒಂದು ಡಯಾಸಿಸ್ ಆದರು. ೧೯೨೪ರಲ್ಲಿ ಬಿಷಪ್ಪನಿಲ್ಲದ ಸಭೆಯವರು ಕಟ್ಟಿ ಮುಗಿಸಿದ ಮೆದಕ್‌ನ ಮಹಾಮಂದಿರವು ಬಿಷಪ್ಪನ ಪೀಠಸ್ಥಾನವಾಯಿತು. ಬೀದರಿನವರು ಹೊರಗುಳಿದರು. ೧೯೭೦ರ ಉತ್ತರದ ಐಕ್ಯದಲ್ಲಿಯೂ ಅವರ ಸಭೆಯು ಸೇರಲಿಲ್ಲ. ೧೯೮೧ರಲ್ಲಿ ಅದು ಭಾರತದ ಸ್ವತಂತ್ರ ಮೆಥೋಡಿಸ್ಟ್ ಸಭೆಯಾಯಿತು.

ಅಲ್ಲಿಯ ಆಡಳಿತದಲ್ಲಿ ಬಿಷಪ್ಪರುಂಟು, ಡಯಾಸಿಸ್ ಇಲ್ಲ. ಕಾನ್ಫರೆನ್ಸ್ ಎಂಬ ಪ್ರತಿನಿಧಿಗಳ ಕೂಟವೇ ಮೂಲವಿಭಾಗ; ಅದರೊಳಗೆ ಡಿಸ್ಟ್ರಿಕ್ಟುಗಳು, ಅವಕ್ಕೆ ಸೂಪರಿಂಟೆಂಡೆಂಟರು. ನೋಡತಕ್ಕುದು ಇದು: ಒಂದು ಆಡಳಿತವು ತನ್ನ ವಿಭಾಗಕ್ಕೆ ನೆಲದ ಹೆಸರನ್ನಿಟ್ಟಿತು, ಮತ್ತೊಂದು ಕೂಟದ ಹೆಸರನ್ನಿಟ್ಟಿತು. ಈ ಡಿಸ್ಟ್ರಿಕ್ಟನ್ನು ಜಿಲ್ಲೆಯೆಂದು ಅನುವಾದಿಸಿದವನು ಓದುಗನನ್ನು ಕಲೆಕ್ಟರರ ಕಚೇರಿಗೆ ಕಳುಹಿಸುವನು. ಕಾನ್ಫರೆನ್ಸನ್ನು ಸಭಾಪ್ರಾಂತವೆಂದವನು ಎರಡು ಬೇರೆ ಆಡಳಿತತತ್ತ್ವಗಳನ್ನು ಒಂದಾಗಿ ಕಲಸಿಬಿಡುವನು. ಸಭಾಪ್ರಾಂತವೆಂಬ ಶಬ್ದವು ಮಂಗಳೂರಿನಲ್ಲಿ ಎಷ್ಟೇ ಸುಪರಿಚಿತವಾಗಿದ್ದರೂ ದುಬಲಗುಂಡಿಯ ಮೆಥೋಡಿಸ್ಟ್ ವ್ಯವಸ್ಥೆಯಲ್ಲಿ ಅದಕ್ಕೆ ವಾಚ್ಯವೇ ಇಲ್ಲ, ಇದು ಅಸಂಭವದೋಷ.

ಹಾಗಾದರೆ ಪ್ರಾವಿನ್ಸಿಗೆ ‘ಮಂಡಲ’ವೆಂದು, ಡಯಾಸಿಸ್ಸಿಗೆ ಪ್ರಾಂತವೆಂದು ವ್ಯವಸ್ಥೆಮಾಡಿದರೆ ಸಾಲದೇ ಎಂದು ಪೂರ್ವಪಕ್ಷ. ಮಂಡಲವು ಶಾಸನಪ್ರಸಿದ್ಧವಾದ ಶಬ್ದ. ಮಹಾಮಂಡಲೇಶ್ವರರೆಂಬ ಬಿರುದು ಕಲ್ಯಾಣದ ಸೀಮೆಯಲ್ಲಿಯೇ ಮೆರೆದುದು. ಸಂಸ್ಕೃತಾಭಿಮಾನಿಗೆ ಇದಕ್ಕಿಂತ ಪ್ರಿಯವಾದ ಶಬ್ದವು ಮತ್ತೊಂದಿಲ್ಲ. ಆದರೆ ದುಬಲಗುಂಡಿಯ ಒರೆಗಲ್ಲಿನಲ್ಲಿ ಇದು ನಿಲ್ಲದು. ಪೂರ್ವದ ಗಡಿಯನ್ನು ದಾಟಿದರೆ ತೆಲಂಗಾಣದಲ್ಲಿ ಮಂಡಲವೆಂದರೆ ಜಿಲ್ಲೆಗಿಂತ ಕಿರಿದಾದ, ತಹಸೀಲುದಾರನ ವಿಭಾಗ. ಕರ್ನಾಟಕದಲ್ಲಿಯೂ ೧೯೮೦ರ ದಶಕದಲ್ಲಿ ಮಂಡಲ ಪಂಚಾಯಿತಿಯೆಂದರೆ ಕೆಲವು ಹಳ್ಳಿಗಳ ಗುಂಪು. ಡಯಾಸಿಸುಗಳನ್ನು ಒಳಗೊಂಡ ಪರಮವಿಭಾಗಕ್ಕೆ ಆ ಹೆಸರನ್ನಿಟ್ಟರೆ ರೋಮಿನ ವೈಪರೀತ್ಯವೇ ಬೀದರಿನಲ್ಲಿ ಮರುಕಳಿಸುವುದು. ಸಂಸ್ಕೃತಮೂಲವೆಂಬ ಒಂದೇ ಕಾರಣದಿಂದ ಶಬ್ದವು ಶುದ್ಧವಾಗದು.

೬

ಶಬ್ದಕ್ಕಾಗಿ ಕಲ್ಯಾಣಕ್ಕೆ ಹೋಗಬೇಕಾದರೆ ಶಾಸನಗಳ ಭೂವಿಭಾಗಕ್ಕಿಂತ ಮಿತಾಕ್ಷರೆಯೇ ಹೆಚ್ಚು ಉಪಕಾರಿ. ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಆ ವ್ಯಾಖ್ಯಾನದ ವ್ಯವಹಾರಾಧ್ಯಾಯದಲ್ಲಿ ಸಂವಿದ್ವ್ಯತಿಕ್ರಮವೆಂಬ ಪ್ರಕರಣವುಂಟು. ಜನರು ಕೂಡಿ ತಮ್ಮಲ್ಲಿ ತಾವೇ ಮಾಡಿಕೊಂಡ ಕಟ್ಟಳೆಗೆ ಅಲ್ಲಿ ‘ಸಾಮಯಿಕ’ವೆಂದು ಹೆಸರು. ಸ್ವಧರ್ಮಕ್ಕೆ ವಿರೋಧವಿಲ್ಲದ ಪಕ್ಷದಲ್ಲಿ ಅದನ್ನು ಪ್ರಯತ್ನಪೂರ್ವಕವಾಗಿ ಕಾಪಾಡತಕ್ಕುದು. ಸಮೂಹದ ಹಿತವನ್ನು ಹೇಳುವವರ ಮಾತನ್ನು ಎಲ್ಲರೂ ನಡಸಬೇಕು. ಸಮೂಹದ ಕೆಲಸವನ್ನು ನೋಡಿಕೊಳ್ಳುವ ‘ಕಾರ್ಯಚಿಂತಕ’ರು ಧರ್ಮಜ್ಞರೂ ಶುಚಿಗಳೂ ಲೋಭವಿಲ್ಲದವರೂ ಆಗಿರಬೇಕು. ಈ ವಿಧಿಯು ಶ್ರೇಣಿಗಳಿಗೆ ಮಾತ್ರವಲ್ಲದೆ ವೇದಪ್ರಾಮಾಣ್ಯವನ್ನು ಒಪ್ಪದ ಪಂಥಗಳಿಗೂ ಸಲ್ಲುತ್ತದೆ. ಅವರವರ ಭೇದವನ್ನು ರಾಜನು ರಕ್ಷಿಸಬೇಕು.

೧೯೩೦ರಲ್ಲಿ ಭಾರತದ ಆಂಗ್ಲಿಕನ್ ಸಭೆಗೆ ದೊರೆತ ಸ್ಥಿತಿಯೂ ಇಂತಹದೇ. ಸರ್ಕಾರದ ಸನದು ಬಿಟ್ಟುಹೋದ ಮೇಲೆ ಅದನ್ನು ಕಟ್ಟಿ ಹಿಡಿದುದು ಸದಸ್ಯರ ಪರಸ್ಪರ ಸಮ್ಮತಿ. ಸಿನೋಡ್ ಎಂಬುದು ಕಾರ್ಯಚಿಂತಕರ ಕೂಟ. ಡಯಾಸಿಸ್ ಎಂಬುದು ಒಂದು ಸಮಯಕ್ಕೆ ಒಳಪಟ್ಟ ಸಮೂಹ. ಗಡಿಯು ಆ ಸಮೂಹದ ಅನುಕೂಲಕ್ಕಾಗಿಯೇ ಹೊರತು ಸಮೂಹವು ಗಡಿಗಾಗಿ ಅಲ್ಲ. ಈ ತತ್ತ್ವವನ್ನು ಶಬ್ದವು ಮರೆಸದೆ ಇದ್ದಿದ್ದರೆ ಕನ್ನಡ ಸಭೆಗಳು ಮದರಾಸು, ಮುಂಬಯಿ, ಹೈದರಾಬಾದುಗಳ ಗೆರೆಗಳನ್ನು ಸ್ವಾಭಾವಿಕವೆಂದು ಎಣಿಸುತ್ತಿರಲಿಲ್ಲವೇನೋ. ಶಬ್ದವೊಂದೇ ಅದಕ್ಕೆ ಕಾರಣವೆಂದರೆ ಅತ್ಯುಕ್ತಿಯಾದೀತು. ಮಿಷನ್ನುಗಳ ಧನಬಲ, ಸರ್ಕಾರದ ಎಲ್ಲೆ, ಜನಸಂಖ್ಯೆಗಳೇ ಪ್ರಬಲಕಾರಣಗಳು. ಆದರೆ ಆ ಕಾರಣಗಳನ್ನು ಕಣ್ಣಿಗೆ ಕಾಣದಂತೆ ಮಾಡಿದುದರಲ್ಲಿ ಶಬ್ದಕ್ಕೂ ಪಾಲುಂಟು. ಸೀಮೆಗೆ ಸೀಮೆಯ ಹೆಸರಿಟ್ಟರೆ ಅದು ಬೆಟ್ಟ ಹೊಳೆಗಳಂತೆ ಸ್ವಯಂಸಿದ್ಧವೆಂದು ತೋರುವುದು.

ರೂಢಿಯು ಯೋಗಕ್ಕಿಂತ ಬಲವತ್ತರವೆಂಬ ನ್ಯಾಯದಂತೆ ಸಭಾಪ್ರಾಂತ ಶಬ್ದವನ್ನು ಈಗ ಕಿತ್ತುಹಾಕುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಅದನ್ನು ಡಯಾಸಿಸ್ಸಿಗೆ ಮಾತ್ರ ನಿಯತವಾಗಿ ಇಟ್ಟುಕೊಂಡು, ಪ್ರಾವಿನ್ಸಿಗೆ ಪ್ರಾವಿನ್ಸ್ ಎಂದೇ, ಮೆಥೋಡಿಸ್ಟರ ವಿಭಾಗಗಳಿಗೆ ಕಾನ್ಫರೆನ್ಸ್, ಡಿಸ್ಟ್ರಿಕ್ಟ್ ಎಂದೇ ಬರೆಯುವುದು ಮೇಲು. ಜಿಲ್ಲೆ ತಾಲೂಕುಗಳನ್ನು ಜೀರ್ಣಿಸಿಕೊಂಡ ಭಾಷೆಗೆ ಇವು ಭಾರವಾಗವು. ಕೋಶಕಾರರು ಸಭಾಪ್ರಾಂತಕ್ಕೆ ಅರ್ಥವನ್ನು ಕೊಡುವಾಗ ‘ಬಿಷಪ್ಪನ ಅಧಿಕಾರಕ್ಕೆ ಸೇರಿದ ಪ್ರದೇಶ’ ಎಂದು ಬರೆಯುವುದಕ್ಕೆ ಬದಲಾಗಿ ‘ಒಬ್ಬ ಬಿಷಪ್ಪನ ಮೇಲ್ವಿಚಾರಣೆಯಲ್ಲಿ ಒಂದು ನಿಬಂಧನೆಗೆ ಒಪ್ಪಿ ನಡೆಯುವ ಸಭೆಗಳ ಸಮುದಾಯ’ ಎಂದು ಬರೆದರೆ ಅರ್ಧ ದೋಷವು ಪರಿಹಾರವಾಗುವುದು. ಉಪಾಧ್ಯಾಯರು ಪಾಠಹೇಳುವಾಗ ಷಷ್ಠಿಗೂ ಸಪ್ತಮಿಗೂ ಇರುವ ಅಂತರವನ್ನು ತೋರಿಸಿದರೆ ಉಳಿದರ್ಧವು ತೀರುವುದು.

ರೋಮನ್ ಕ್ಯಾಥೊಲಿಕರು ತಮ್ಮ ವಿಭಾಗಕ್ಕೆ ಧರ್ಮಪ್ರಾಂತವೆಂದು ಹೇಳುವರು. ೨೦೦೫ರಲ್ಲಿ ಗುಲ್ಬರ್ಗ ಧರ್ಮಪ್ರಾಂತವು ಸ್ಥಾಪಿತವಾದಾಗ ಬೀದರು ಅದರಲ್ಲಿ ಸೇರಿತು. ರಾಜ್ಯದ ಗೆರೆಯು ೧೯೫೬ರಲ್ಲಿ ಸರಿದ ಮೇಲೆ ಈ ಹೊಸ ಗೆರೆ ಬರುವುದಕ್ಕೆ ನಲವತ್ತೊಂಬತ್ತು ವರ್ಷಗಳು ಹಿಡಿದವು. ಪ್ರಾಂತವೆಂಬುದರ ಮೂಲಾರ್ಥವು ಅಂಚು ಎಂದು ಹಿಂದೆ ಹೇಳಿದೆ. ಆಳುವವರ ಲೆಕ್ಕದಲ್ಲಿ ಅಂಚಿನಲ್ಲಿರುವವರನ್ನು ಕುರಿತು ಗೆರೆಗಳು ನಿಧಾನವಾಗಿ ಸರಿಯುವುವೆಂಬುದಕ್ಕೆ ದುಬಲಗುಂಡಿಯ ಸೀಮೆಯೇ ಸಾಕ್ಷಿ. ಶಬ್ದಗಳನ್ನಾದರೂ ಅವರಿಗೆ ತಿಳಿಯುವಂತೆ ಇಡುವುದು ವಿದ್ವಾಂಸರ ಕೈಯಲ್ಲಿದೆ.